ಕೇಳಿ, ಹೇಳುತ್ತೇವೆ: ಹೆಂಗಸರ ಕೈಗೆ ಮೈಕು ಬಂದಾಗ

ಒಬ್ಬರೇ ಮೈಕಿನ ಮುಂದೆ ನಿಂತು ಮಾತಿನಿಂದ ಸಭೆಯನ್ನು ನಗಿಸುವ ಸ್ಟ್ಯಾಂಡ್‌ಅಪ್ ಕಾಮಿಡಿ ಬಗ್ಗೆ ಪ್ರಶ್ನೆ ಕಳಿಸಿ ಎಂದಾಗ ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯಿಂದ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಪತ್ರಗಳು ಬಂದವು. ಬರೆದವರಲ್ಲಿ ಹೆಂಗಸರೇ ಹೆಚ್ಚು. ವೇದಿಕೆಯ ಬರವಣಿಗೆ, ಧ್ವನಿವರ್ಧಕ, ಕಾರ್ಯಕ್ರಮ ನಡೆಸುವುದು ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಕಾಲೇಜಿನಲ್ಲಿ ಸ್ಟ್ಯಾಂಡ್‌ಅಪ್ ಮಾಡ್ತೇನೆ ಅಂದದ್ದಕ್ಕೆ ‘ಹುಡುಗೀರಿಗೆ ಹಾಸ್ಯ ಬರೋದಿಲ್ಲ, ಸಂಶೋಧನೆಯೇ ಹಾಗೆ ಹೇಳಿದೆ’ ಅಂದರು ಗೆಳೆಯರು. ಅಂಥ ಸಂಶೋಧನೆ ನಿಜವಾಗಿಯೂ ಇದೆಯೇ?
*ಪದವಿ ವಿದ್ಯಾರ್ಥಿನಿ, ಶಿರಸಿ*

ಸಂಶೋಧನೆ ಇದೆ. ಅದು ಹೇಳುವುದು ಮಾತ್ರ ನಿಮ್ಮ ಗೆಳೆಯರು ಹೇಳಿದ್ದನ್ನಲ್ಲ.

ಈ ಹಳೆಯ ಮಾತಿಗೆ ಈಚೆಗೆ ಮತ್ತೆ ಜೀವ ಬಂದದ್ದು 2007ರಲ್ಲಿ ಲೇಖಕ ಕ್ರಿಸ್ಟೋಫರ್ ಹಿಚೆನ್ಸ್ ‘ವ್ಯಾನಿಟಿ ಫೇರ್’ ಪತ್ರಿಕೆಗೆ ಬರೆದ ಲೇಖನದಿಂದ. ಅದು ಒಬ್ಬರ ಅಭಿಪ್ರಾಯ, ಅಳೆದು ಬರೆದದ್ದಲ್ಲ. ಅಳೆದವರು ಬೇರೆಯವರು. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಲಾರಾ ಮಿಕ್ಸ್ ಮತ್ತು ಸಂಗಡಿಗರು 16 ಹುಡುಗರಿಂದ, 16 ಹುಡುಗಿಯರಿಂದ 20 ವ್ಯಂಗ್ಯಚಿತ್ರಗಳಿಗೆ ಅಡಿಬರಹ ಬರೆಸಿದರು. ಬರೆದವರು ಯಾರೆಂದು ತಿಳಿಸದೆ ಬೇರೆಯವರಿಂದ ಅಂಕ ಹಾಕಿಸಿದರು. ಹುಡುಗರು ಮುಂದಿದ್ದದ್ದು 5ಕ್ಕೆ 0.11 ಅಂಕದಷ್ಟು. ಅದರಲ್ಲೂ ಹೆಚ್ಚಿನದು ಗಂಡಸರೇ ಹಾಕಿದ ಅಂಕದಿಂದ ಬಂದದ್ದು. ನಮಗೆ ಹೆಚ್ಚು ಬೇಕಾದದ್ದು ಆ ಪ್ರಯೋಗದ ಮುಂದಿನ ಭಾಗ. ಯಾವ ಸಾಲು ಯಾರದ್ದು ಎಂದು ನೆನಪಿನಿಂದ ಹೇಳಿಸಿದಾಗ, ನಗು ತರಿಸಿದ ಸಾಲುಗಳನ್ನು ಜನ ತಪ್ಪಾಗಿ ಹುಡುಗರ ಹೆಸರಿಗೆ ಹಚ್ಚಿದ್ದೇ ಹೆಚ್ಚು. ಅಂದರೆ ಹುಡುಗಿಯ ಒಳ್ಳೆಯ ಮಾತು ಸಭೆಯ ನೆನಪಿನಲ್ಲಿ ಅವಳ ಹೆಸರಿನಲ್ಲಿ ಉಳಿಯುವುದಿಲ್ಲ.

2020ರಲ್ಲಿ ಗಿಲ್ ಗ್ರೀನ್‌ಗ್ರಾಸ್ ಮತ್ತಿಬ್ಬರು 28 ಅಧ್ಯಯನಗಳನ್ನು, 5,000ಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದರು. ಸರಾಸರಿಯಲ್ಲಿ ಗಂಡಸರಿಗೆ ಸಣ್ಣ ಮೇಲುಗೈ ಕಂಡಿತು. ಸರಾಸರಿ ಹೆಣ್ಣಿಗಿಂತ ಹೆಚ್ಚು ಅಂಕ ಪಡೆದ ಗಂಡಸರು ಶೇಕಡಾ 63. ಇದನ್ನು ಮುಚ್ಚಿಡಬೇಕಾಗಿಲ್ಲ. ಉಳಿದ ಶೇಕಡಾ 37 ಗಂಡಸರು ಸರಾಸರಿ ಹೆಣ್ಣಿಗಿಂತ ಕೆಳಗಿದ್ದಾರೆ ಎಂಬುದನ್ನೂ ಹೇಳಿ. ಹುಡುಗನಿಗೆ ಚಿಕ್ಕಂದಿನಿಂದ ತಮಾಷೆ ಮಾಡು ಎಂಬ ಒತ್ತಾಸೆ, ಹುಡುಗಿಗೆ ಹಲ್ಲು ಕಿರಿಯಬೇಡ ಎಂಬ ಬೈಗುಳ. ಈ ರೂಢಿಯೂ ಆ ಅಂಕಗಳೊಳಗೆ ಸೇರಿರಬಹುದು ಎಂದು ಅಧ್ಯಯನ ಮಾಡಿದವರೇ ಒಪ್ಪುತ್ತಾರೆ. ಅದಕ್ಕೂ ಮಿಗಿಲಾಗಿ, ವೇದಿಕೆ ಹತ್ತುವುದು ಸರಾಸರಿ ಅಲ್ಲ, ಒಬ್ಬಳು. ಅವಳು ತಿದ್ದಿ ತೀಡಿ ತಂದ ಐದು ನಿಮಿಷವನ್ನು ಯಾವ ಸರಾಸರಿಯೂ ಅಳೆಯಲಾರದು.

ರಾಬರ್ಟ್ ಪ್ರೊವೈನ್ ಎಂಬವರ ಅಧ್ಯಯನವೊಂದು ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಜನ ಎಲ್ಲೆಲ್ಲಿ ನಗುತ್ತಾರೆ ಎಂದು ಅಂಗಡಿ, ರಸ್ತೆ, ಕಾಲೇಜುಗಳಲ್ಲಿ ಕಿವಿಗೊಟ್ಟು 1,200 ಸಂದರ್ಭಗಳನ್ನು ಅವರು ಬರೆದುಕೊಂಡರು. ಹೆಂಗಸು ಮಾತಾಡುತ್ತಿದ್ದು ಗಂಡಸು ಕೇಳುತ್ತಿದ್ದಾಗ, ಕೇಳುವವನಿಗಿಂತ ಮಾತಾಡುವವಳೇ ಶೇಕಡಾ 127ರಷ್ಟು ಹೆಚ್ಚು ನಕ್ಕಿದ್ದಳು. ಎದುರಿನವರಿಗೆ ಮುಜುಗರ ಆಗದಿರಲಿ ಎಂದು ನಮ್ಮ ಮಾತಿಗೆ ನಾವೇ ನಕ್ಕು ಮೆತ್ತಗೆ ಮಾಡುವ ಅಭ್ಯಾಸ ಇದು. ಮನೆಯಲ್ಲಿ ಇದರಿಂದ ತೊಂದರೆ ಇಲ್ಲ. ವೇದಿಕೆಯಲ್ಲಿ ಪಂಚ್‌ಗೆ, ಅಂದರೆ ನಗು ತರಿಸುವ ಮಾತಿಗೆ, ಮುಂಚೆ ನೀವು ನಕ್ಕರೆ ಸಭೆಯ ನಗು ಅಲ್ಲೇ ಅರ್ಧ ಸೋರಿಹೋಗುತ್ತದೆ. ಅಭ್ಯಾಸ ಮಾಡುವಾಗ ಮೊಬೈಲಿನಲ್ಲಿ ವಿಡಿಯೊ ತೆಗೆದು, ಎಲ್ಲೆಲ್ಲಿ ಮೊದಲೇ ನಕ್ಕಿರಿ ಎಂದು ಗುರುತು ಹಾಕಿಕೊಳ್ಳಿ. ಮೊದಲ ಸಲ ಹತ್ತು ಕಡೆ ಸಿಕ್ಕರೂ ಗಾಬರಿ ಬೇಡ, ಒಂದು ವಾರದಲ್ಲಿ ಹಿಡಿತಕ್ಕೆ ಬರುತ್ತದೆ.

ಮಾರ್ಚ್ 8ರ ಮಹಿಳಾ ದಿನಾಚರಣೆಗೆ ನಮ್ಮ ಮಹಿಳಾ ಮಂಡಳದಲ್ಲಿ 5 ನಿಮಿಷ ಸ್ಟ್ಯಾಂಡ್‌ಅಪ್ ಮಾಡು ಎಂದಿದ್ದಾರೆ. ಮಾತಾಡಲು ಬರುತ್ತದೆ, ಬರೆಯಲು ಕೂತರೆ ಪ್ರಬಂಧ ಆಗುತ್ತದೆ. ಹೇಗೆ ಬರೆಯಲಿ?
*ಶಿಕ್ಷಕಿ, ಕುಮಟಾ*

ಐದು ನಿಮಿಷಕ್ಕೆ ನಾಲ್ಕು ನಿಮಿಷದ ಮಾತು ಬರೆಯಿರಿ, ಉಳಿದ ಒಂದು ನಿಮಿಷ ಸಭೆಯ ನಗುವಿಗೆ. ವೇದಿಕೆಯ ಲಯದಲ್ಲಿ ಕನ್ನಡ ನಿಮಿಷಕ್ಕೆ ನೂರು ಶಬ್ದದ ಆಸುಪಾಸು ಓಡುತ್ತದೆ. ಹಾಗಾಗಿ 400 ಶಬ್ದ ಸಾಕು, ನೋಟ್‌ಬುಕ್ಕಿನ ಎರಡು ಪುಟ. ನಿಮಿಷಕ್ಕೆ ನಾಲ್ಕು ನಗುವಾದರೂ ಬೇಕು ಎಂದಿಟ್ಟುಕೊಂಡರೆ 15 ಸೆಕೆಂಡಿಗೊಂದು ಬರಬೇಕು. ನಾಲ್ಕು ವಾಕ್ಯ ಮುಗಿದರೂ ನಗುವಿನ ಜಾಗ ಬಂದಿಲ್ಲ ಅಂದರೆ ಅಲ್ಲಿ ಪ್ರಬಂಧ ಶುರುವಾಗಿದೆ ಎಂದೇ ಅರ್ಥ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಶಿರಸಿಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ಬರುವಾಗ ಪಕ್ಕದ ಅಜ್ಜ ನಿಮ್ಮ ವಂಶವೃಕ್ಷವನ್ನೆಲ್ಲ ಕೇಳಿದರು, ನಿಮ್ಮ ಹೆಸರು ಮಾತ್ರ ಕೇಳಲಿಲ್ಲ. ಇದು ವಿಷಯ. ಮೊದಲ ಸಲ ಬರೆದಾಗ ಹೀಗೆ ಬರುತ್ತದೆ: “ಮೊನ್ನೆ ನಾನು ಶಿರಸಿಯಿಂದ ಬರುವಾಗ ಬಸ್ಸಿನಲ್ಲಿ ಒಬ್ಬರು ಅಜ್ಜ ಪಕ್ಕದಲ್ಲಿ ಕೂತಿದ್ದರು. ಅವರು ಯಾರ ಮನೆಯವಳು, ಎಲ್ಲಿಗೆ ಕೊಟ್ಟಿದ್ದು, ತೋಟ ಎಷ್ಟು ಎಂದೆಲ್ಲ ವಿಚಾರಿಸಿದರು. ಆದರೆ ನನ್ನ ಹೆಸರನ್ನೇ ಅವರು ಕೇಳಲಿಲ್ಲ ಅಂತ ನನಗೆ ಇಳಿದ ಮೇಲೆ ಗೊತ್ತಾಯಿತು.”

ವಿಷಯ ಚೆನ್ನಾಗಿದೆ, ನಗು ಬರುವುದಿಲ್ಲ. ಕಾರಣ ವ್ಯಾಕರಣದಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಹಿಂದೆ ‘ಅಂತ ಗೊತ್ತಾಯಿತು’, ‘ಅಂತ ಹೇಳಿದರು’ ಎಂಬ ಬಾಲ ಅಂಟಿಕೊಳ್ಳುತ್ತದೆ. ನಗಿಸುವ ಶಬ್ದ ‘ಹೆಸರು’. ಅದು ವಾಕ್ಯದ ನಡುವೆ ಸಿಕ್ಕಿಬಿದ್ದಿದೆ. ಸಭೆ ನಗಲು ಬಾಯಿ ತೆರೆಯುವ ಹೊತ್ತಿಗೆ ನೀವಿನ್ನೂ ಮಾತಾಡುತ್ತಿದ್ದೀರಿ, ಮುಂದಿನದು ಕೇಳಿಸಲಿ ಎಂದು ಅವರು ನಗು ನುಂಗುತ್ತಾರೆ. ಆ ಶಬ್ದವನ್ನು ಕೊನೆಗೆ ತನ್ನಿ:

“ಪಕ್ಕದ ಅಜ್ಜ ಕೇಳಿದ್ರು, ಯಾರ ಮನೆ ಕೂಸು? ಹೇಳ್ದೆ. ಎಲ್ಲಿಗೆ ಕೊಟ್ಟಿದ್ದು? ಹೇಳ್ದೆ. ತೋಟ ಎಷ್ಟೆಕರೆ? ಹೇಳ್ದೆ. ದೇವಿಮನೆ ಘಟ್ಟ ಇಳಿಯೋದ್ರೊಳಗೆ ನಮ್ಮನೆ ನಾಯಿ ಹೆಸರೂ ಗೊತ್ತಾಯ್ತು ಅವರಿಗೆ. ಗೊತ್ತಾಗದೆ ಉಳಿದದ್ದು ಒಂದೇ. ನನ್ನ ಹೆಸರು.”

‘ಒಂದೇ’ ಆದ ಮೇಲೆ ಒಂದು ಉಸಿರಿನಷ್ಟು ನಿಲ್ಲಿ. ‘ಹೆಸರು’ ಅಂದ ಮೇಲೆ ಬಾಯಿ ಮುಚ್ಚಿ. ಮೂರು ಸಲ ಬಂದ ‘ಹೇಳ್ದೆ’ ಒಂದು ತಾಳ ಕೂಡಿಸುತ್ತದೆ, ನಾಯಿಯ ಮಾತು ಆ ತಾಳವನ್ನು ಮುರಿಯುತ್ತದೆ. ನಗು ಇಳಿಯುತ್ತಿದ್ದಂತೆ, ಪೂರ್ತಿ ನಿಲ್ಲುವ ಮೊದಲು, ಅದೇ ಹುರಿಗೆ ಇನ್ನೊಂದು ಎಳೆ ಸೇರಿಸಿ: “ಇಳಿಯೋವಾಗ ಅಜ್ಜ ಹೇಳಿದ್ರು: ಪರಿಚಯ ಆಗಿ ಖುಷಿ ಆಯ್ತು. ಗಂಡಂಗೆ ಕೇಳಿದೆ ಅಂತ ಹೇಳು.” ಇದಕ್ಕೆ ಟ್ಯಾಗ್ ಎನ್ನುತ್ತಾರೆ. ಹೊಸ ಕಥೆ ಕಟ್ಟುವ ಶ್ರಮವಿಲ್ಲದೆ ಎರಡನೇ ನಗು ಸಿಗುತ್ತದೆ.

ಐದು ನಿಮಿಷದ ಕೊನೆಯಲ್ಲಿ ಇದೇ ವಿಷಯಕ್ಕೆ ಮರಳಬಹುದು: “ಇಷ್ಟು ಹೊತ್ತು ಕೇಳಿದ್ರಲ್ಲ. ನನ್ನ ಹೆಸರು ಕೇಳಿದ್ರಾ?” ನಮ್ಮ ‘ಕೇಳು’ವಿಗೆ ಎರಡು ಅರ್ಥ ಇರುವುದರಿಂದ ಈ ಸಾಲು ನಿಲ್ಲುತ್ತದೆ. ಅದಕ್ಕೊಂದು ಸಿದ್ಧತೆ ಬೇಕು. ನಿಮ್ಮನ್ನು ಕರೆಯುವಾಗ ಹೆಸರು ಹೇಳಬೇಡಿ, ‘ಈಗ ನಮ್ಮ ಮುಂದಿನ ಕಲಾವಿದೆ’ ಎಂದರೆ ಸಾಕು ಎಂದು ನಿರೂಪಕಿಗೆ ಮೊದಲೇ ತಿಳಿಸಿ. ಅವರು ಹೆಸರು, ಊರು, ಗಂಡನ ಉದ್ಯೋಗ ಎಲ್ಲ ಓದಿಬಿಟ್ಟರೆ ಕೊನೆಯ ಸಾಲು ಸತ್ತಂತೆ.

ಶುರುವಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಬ್ಬಳೇ ಹೆಂಗಸು ಮೈಕಿನ ಮುಂದೆ ನಿಂತಾಗ ಸಭೆ ಮೊದಲ ಅರ್ಧ ನಿಮಿಷ ಕೇಳುವುದಿಲ್ಲ, ನೋಡುತ್ತದೆ. ಸೀರೆ ಯಾವುದು, ಯಾರ ಮನೆಯವಳು, ಹೇಗೆ ನಿಂತಿದ್ದಾಳೆ. ಗಂಡಸಿಗೆ ಈ ತಪಾಸಣೆ ಇಷ್ಟು ಹೊತ್ತು ನಡೆಯುವುದಿಲ್ಲ. ಅದನ್ನು ಮುರಿಯುವ ದಾರಿ, ಮೊದಲ ಹತ್ತು ಸೆಕೆಂಡಿನಲ್ಲಿ ಒಂದು ಚಿಕ್ಕ ನಗು ತೆಗೆಯುವುದು, ಎರಡೇ ವಾಕ್ಯದ್ದು. ವೇದಿಕೆ ಮೇಲಿನ ಗಣ್ಯರನ್ನೆಲ್ಲ ಹೆಸರು ಹಿಡಿದು ವಂದಿಸುತ್ತ ಕೂತರೆ 40 ಸೆಕೆಂಡು ಹೋಗುತ್ತದೆ, ಆ ತಪಾಸಣೆಗೆ ನೀವೇ ಸಮಯ ಕೊಟ್ಟಂತಾಗುತ್ತದೆ. ‘ಎಲ್ಲರಿಗೂ ನಮಸ್ಕಾರ’ ಸಾಕು. ಅದಾದ ಮೇಲೆ ಎರಡನೇ ಅತ್ಯುತ್ತಮ ಜೋಕಿನಿಂದ ಶುರು ಮಾಡಿ, ಹೊಸದನ್ನು ಮಧ್ಯದಲ್ಲಿಡಿ, ಎಲ್ಲಕ್ಕಿಂತ ಒಳ್ಳೆಯದನ್ನು ಕೊನೆಗೆ.

ಪರೀಕ್ಷಿಸುವುದು ಮನೆಯವರ ಮುಂದೆ ಬೇಡ. ಅವರು ಪ್ರೀತಿಗೆ ನಗುತ್ತಾರೆ, ಇಲ್ಲವೆ ಅಂಜಿಕೆಗೆ ನಗುವುದೇ ಇಲ್ಲ. ಸ್ಟಾಫ್‌ರೂಮು, ಸ್ವಸಹಾಯ ಸಂಘದ ಸಭೆ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಗೆಳತಿಯರು, ಹೀಗೆ ಮೂರು ಬೇರೆ ಗುಂಪಿನಲ್ಲಿ ಮಾತಿನ ನಡುವೆ ಸೇರಿಸಿ ಹೇಳಿ ನೋಡಿ. ಒಂದು ಕಡೆ ಬಿದ್ದರೆ ಏನೂ ತೀರ್ಮಾನಿಸಬೇಡಿ. ಮೂರು ಕಡೆಯೂ ಬಿದ್ದರೆ ತೆಗೆದುಹಾಕಿ, ಎಷ್ಟೇ ಇಷ್ಟವಾಗಿದ್ದರೂ.

ನನ್ನ ದನಿ ತೆಳು. ಮೈಕು ಹಿಡಿದರೆ ‘ಕುಂಯ್’ ಅನ್ನುತ್ತದೆ, ಹಿಂದಿನ ಸಾಲಿನವರಿಗೆ ಮಾತು ತಿಳಿಯುವುದಿಲ್ಲವಂತೆ. ದನಿ ಗಡಸು ಮಾಡಿಕೊಳ್ಳಬೇಕೇ?
*ಬ್ಯಾಂಕ್ ಉದ್ಯೋಗಿ, ಕಾರವಾರ*

ಬೇಡ. ಗಂಟಲು ಬಿಗಿದು ಗಡಸು ಮಾಡಿದರೆ ಮೂರನೇ ನಿಮಿಷಕ್ಕೆ ದನಿ ಒಡೆಯುತ್ತದೆ. ತಪ್ಪಿರುವುದು ಮೈಕಿನ ವ್ಯವಸ್ಥೆಯಲ್ಲಿ.

ನಮ್ಮ ಕಡೆಯ ಸೌಂಡ್ ಸಿಸ್ಟಮ್ ಹೆಚ್ಚಾಗಿ ಭಜನೆ, ಆರ್ಕೆಸ್ಟ್ರಾ, ಯಕ್ಷಗಾನಕ್ಕೆ ಹೊಂದಿಸಿದ್ದು. ಅದಕ್ಕೆ ಇಕೋ ಹಾಕಿರುತ್ತಾರೆ. ಹಾಡಿಗೆ ಅದು ಚೆಂದ. ಹಾಸ್ಯದಲ್ಲಿ ಒಂದು ಶಬ್ದದ ಪ್ರತಿಧ್ವನಿ ಮುಂದಿನ ಶಬ್ದದ ಮೇಲೆ ಬಿದ್ದು ಪಂಚ್ ಕಲಸಿಹೋಗುತ್ತದೆ. ಸೌಂಡಿನವರ ಹತ್ತಿರ ಮೊದಲು ಹೇಳಬೇಕಾದ ಮಾತು: “ಇಕೋ ಪೂರ್ತಿ ತೆಗೀರಿ, ಬೇಸ್ ಸ್ವಲ್ಪ ಇಳಿಸಿ.” ಗಂಡಸರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 85ರಿಂದ 155 ಹರ್ಟ್ಸ್, ಹೆಂಗಸರದ್ದು 165ರಿಂದ 255. ಹಿಂದಿನ ಭಾಷಣಕಾರರಿಗೆ ಹೊಂದಿಸಿದ್ದನ್ನು ಹಾಗೇ ಬಿಟ್ಟರೆ ನಿಮ್ಮ ದನಿ ಮಂಕಾಗಿ ಕೇಳುವುದು ಅದಕ್ಕೇ.

‘ಕುಂಯ್’ ಬರುವುದು ಸ್ಪೀಕರಿನ ಶಬ್ದ ಮತ್ತೆ ಮೈಕಿಗೆ ಹೊಕ್ಕಾಗ. ಸ್ಪೀಕರ್ ಪೆಟ್ಟಿಗೆಗಳಿಗಿಂತ ಮುಂದೆ ಬಂದು ನಿಲ್ಲಬೇಡಿ. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಬೇಡಿ, ಕೆಳಗಿನ ಹಿಡಿಕೆ ಹಿಡಿಯಿರಿ. ಬಾಯಿಂದ ಎರಡು ಮೂರು ಬೆರಳಿನಷ್ಟು ದೂರ, ಗಲ್ಲದ ಕಡೆಯಿಂದ ಓರೆಯಾಗಿ. ದೂರ ಹಿಡಿದಷ್ಟೂ ಆಪರೇಟರ್ ವಾಲ್ಯೂಮ್ ಏರಿಸುತ್ತಾರೆ, ಏರಿಸಿದಷ್ಟೂ ಕುಂಯ್ ಹೆಚ್ಚು. ದನಿ ತೆಳುವೆಂದು ಅಂಜಿ ಮೈಕನ್ನು ಎದೆ ಹತ್ತಿರ ಇಳಿಸುವವರೇ ಹೆಚ್ಚು, ಕೆಡುವುದು ಅಲ್ಲೇ.

ಸ್ಟ್ಯಾಂಡು ಹಿಂದಿನ ಗಂಡಸಿನ ಎತ್ತರಕ್ಕಿರುತ್ತದೆ. ಕತ್ತು ಚಾಚಿ ಮಾತಾಡಬೇಡಿ. ತಿರುಪು ಸಡಿಲಿಸಿ ಇಳಿಸಿ, ಅಥವಾ ಮೈಕನ್ನು ಕೈಗೆ ತೆಗೆದುಕೊಂಡು ಸ್ಟ್ಯಾಂಡನ್ನು ಬೆನ್ನ ಹಿಂದೆ ಸರಿಸಿ. ಆ ಐದು ಸೆಕೆಂಡು ಸುಮ್ಮನೆ ಮಾಡಿದರೆ ಈ ಜಾಗ ನಿಮ್ಮದು ಎಂದು ಸಭೆಗೆ ಗೊತ್ತಾಗುತ್ತದೆ. ಮೈಕು ಹಿಡಿಯುವ ಕೈಯಲ್ಲಿ ಗಾಜಿನ ಬಳೆ ಬೇಡ, ಪ್ರತಿ ಅಲುಗಾಟವೂ ಸ್ಪೀಕರಿನಲ್ಲಿ ಕೇಳುತ್ತದೆ. ಕಾಲರ್ ಮೈಕು ಕೊಟ್ಟರೆ ಸೆರಗಿಗೆ ಸಿಕ್ಕಿಸಬೇಡಿ, ಸೆರಗು ಉಜ್ಜಿ ಗರಗರ ಎನ್ನುತ್ತದೆ. ರವಿಕೆಯ ಅಂಚಿಗೆ ಸಿಕ್ಕಿಸಿ, ಅದರ ಡಬ್ಬಿಯನ್ನು ಬೆನ್ನ ಕಡೆ ಲಂಗದ ಲಾಡಿಗೆ. ಇದನ್ನು ವೇದಿಕೆ ಪಕ್ಕದಲ್ಲಿ ಗಡಿಬಿಡಿಯಲ್ಲಿ ಮಾಡಲಾಗದು, ಹತ್ತು ನಿಮಿಷ ಮೊದಲೇ ಕೇಳಿ ಪಡೆಯಿರಿ.

ಕಾರವಾರದಲ್ಲಿ ಕಡಲತೀರದ ಬಯಲಲ್ಲಿ ಕಾರ್ಯಕ್ರಮವಿದ್ದರೆ ಮೈಕಿಗೆ ಸ್ಪಂಜಿನ ಟೋಪಿ ಬೇಕೇ ಬೇಕು, ಇಲ್ಲದಿದ್ದರೆ ಗಾಳಿ ಗುಂಯ್‌ಗುಟ್ಟುತ್ತದೆ. ಬಯಲಲ್ಲಿ ಸಭೆಯ ನಗು ಗಾಳಿಯಲ್ಲಿ ಚದುರಿ ನಿಮ್ಮ ಕಿವಿಗೆ ಅರ್ಧ ಮಾತ್ರ ತಲುಪುತ್ತದೆ. ನಗಲಿಲ್ಲ ಎಂದು ಭಾವಿಸಿ ಓಡಬೇಡಿ. ಅವರ ಭುಜ ಅಲುಗುವುದನ್ನು ನೋಡಿ ಅಂದಾಜು ಮಾಡಿ.

ಹೆಂಗಸರು ಎಲ್ಲರೆದುರು ನಿಂತು ನಗಿಸುವುದು ನಮ್ಮ ಪದ್ಧತಿಯಲ್ಲ ಎನ್ನುತ್ತಾರೆ ಅತ್ತೆ. ಏನು ಹೇಳಲಿ?
*ಗೃಹಿಣಿ, ಸಿದ್ದಾಪುರ*

ಮದುವೆಯಲ್ಲಿ ಬೀಗರನ್ನು ಜರೆಯುವ ಹಾಡು ಹೇಳುತ್ತಿದ್ದವರು ಯಾರು ಎಂದು ಅವರನ್ನೇ ಕೇಳಿ. ಬೀಗಿತ್ತಿಯ ಜಡೆ, ಬೀಗರ ಹೊಟ್ಟೆ, ಗಂಡಿನ ಮೂಗು ಯಾವುದನ್ನೂ ಬಿಡದೆ ಚಪ್ಪರದೊಳಗೆ ಎಲ್ಲರೆದುರು ಹಾಡಿದವರು ಹೆಂಗಸರೇ. ಬಹುಶಃ ನಿಮ್ಮ ಅತ್ತೆಗೂ ಎರಡು ಬರುತ್ತವೆ, ಬರೆದಿಟ್ಟುಕೊಳ್ಳಿ. ವ್ಯತ್ಯಾಸ ಇಷ್ಟೇ: ಅಲ್ಲಿ ಗುಂಪಾಗಿ ಹಾಡುತ್ತಿದ್ದರು, ಆ ದಿನಕ್ಕೆ ಮಾತ್ರ ಅನುಮತಿ ಇತ್ತು, ಯಾರೊಬ್ಬಳ ಹೆಸರೂ ಮೇಲೆ ಬರುತ್ತಿರಲಿಲ್ಲ. ಸ್ಟ್ಯಾಂಡ್‌ಅಪ್‌ನಲ್ಲಿ ಒಬ್ಬಳೇ, ತನ್ನ ಮಾತಿನಲ್ಲಿ, ತನ್ನ ಹೆಸರಿನಲ್ಲಿ ನಿಲ್ಲುತ್ತಾಳೆ.

ಹಬ್ಬ ಜಾತ್ರೆಯ ರಂಗದಲ್ಲಿ ಮಾತ್ರ ನಗಿಸುವ ಹಕ್ಕು ಗಂಡಸರ ಬಳಿಯೇ ಉಳಿದಿತ್ತು ನಿಜ. ಹೊನ್ನಾವರ ತಾಲೂಕಿನ ಕರ್ಕಿಯಲ್ಲಿ ಹಾಸ್ಯಗಾರ ಎಂಬುದೇ ಮನೆತನದ ಹೆಸರಾಗುವಷ್ಟು ಯಕ್ಷಗಾನದ ಹಾಸ್ಯ ಬೆಳೆದಿದೆ. ಆದರೆ ರಂಗದ ಮೇಲಿನ ಮುದುಕಿಯೂ ಮಂಥರೆಯೂ ಬಹುಕಾಲ ಗಂಡಸರೇ. ಬರವಣಿಗೆಯಲ್ಲಿ ಬಾಗಿಲು ಬೇಗ ತೆರೆಯಿತು. 1942ರಲ್ಲಿ ಶುರುವಾದ ‘ಕೊರವಂಜಿ’ ಪತ್ರಿಕೆಯಲ್ಲಿ ಟಿ. ಸುನಂದಮ್ಮ ಬರೆದರು. ಉತ್ತರ ಕನ್ನಡದವರೇ ಆದ ಭುವನೇಶ್ವರಿ ಹೆಗಡೆ ಹಾಸ್ಯ ಪ್ರಬಂಧಗಳಿಂದ ಹೆಸರಾದರು. ಹಾಸ್ಯ ಭಾಷಣದಲ್ಲಿ ಸುಧಾ ಬರಗೂರು, ಇಂದುಮತಿ ಸಾಲಿಮಠ ದೊಡ್ಡ ಸಭೆಗಳನ್ನು ನಗಿಸಿದ್ದಾರೆ. ಅತ್ತೆಯ ಜೊತೆ ಕೂತು ಅವರ ಭಾಷಣ ಒಂದನ್ನು ಕೇಳಿ.

ನಾನು ದಪ್ಪ ಇದ್ದೇನೆ. ಅದರ ಮೇಲೆ ಜೋಕು ಮಾಡಿದರೆ ಜನ ಚೆನ್ನಾಗಿ ನಗುತ್ತಾರೆ. ಮನೆಗೆ ಬಂದ ಮೇಲೆ ಬೇಜಾರಾಗುತ್ತದೆ.
*ಓದುಗಿ, ಹೊನ್ನಾವರ*

ಬೇಜಾರಾಗುತ್ತದೆ ಎಂದಾದರೆ ಬಿಡಿ. ಕಲೆಯ ನಿಯಮಕ್ಕಿಂತ ಅದು ಮೊದಲು.

ಈ ದಾರಿ ಎಲ್ಲಿಂದ ಬಂತೆಂದು ತಿಳಿದರೆ ಬಿಡುವುದು ಸುಲಭ. ಅಮೆರಿಕದ ಹಾಸ್ಯಗಾರ್ತಿ ಫಿಲಿಸ್ ಡಿಲ್ಲರ್ 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೇದಿಕೆ ಹತ್ತಿದಾಗ ಅವರಿಗೆ 37 ವರ್ಷ, ಐದು ಮಕ್ಕಳ ತಾಯಿ. ಕೆದರಿದ ಕೂದಲು, ಮೈ ಕಾಣದಂಥ ಚೀಲದ ಹಾಗಿನ ಉಡುಪು, ತನ್ನ ರೂಪದ ಮೇಲೇ ಜೋಕು. ಹೆಂಗಸು ಚೆಂದ ಕಂಡರೆ ಸಭೆ ನೋಡುತ್ತದೆ, ಕೇಳುವುದಿಲ್ಲ ಎಂಬ ಕಾಲದಲ್ಲಿ ಅದು ಒಳಗೆ ಹೋಗಲು ಅವರು ಕೊಟ್ಟ ಸುಂಕ. ಅವರ ಧೈರ್ಯಕ್ಕೆ ನಮ್ಮ ಗೌರವವಿದೆ. ಅದೇ ಸುಂಕವನ್ನು ನೀವು ಈಗಲೂ ಕೊಡುತ್ತಿರಬೇಕಾಗಿಲ್ಲ.

ಗುರಿ ಬದಲಿಸಿ ನೋಡಿ. ‘ನಾನು ದಪ್ಪ’ ಎಂಬುದರಲ್ಲಿ ಗುರಿ ನಿಮ್ಮ ಮೈ. ಅದೇ ಅನುಭವದಲ್ಲಿ ಬೇರೆಯವರು ಏನು ಮಾಡಿದರು, ಏನು ಹೇಳಿದರು ಎಂದು ಬರೆದರೆ ಗುರಿ ಅವರ ನಡವಳಿಕೆ. ಮದುವೆಮನೆಯಲ್ಲಿ ಮೂರನೇ ಸಲ ಬಲವಂತದಿಂದ ಹೋಳಿಗೆ ಬಡಿಸಿದವರೇ ಕೈ ತೊಳೆಯುವಾಗ ‘ಸ್ವಲ್ಪ ಇಳಿಸೇ’ ಎನ್ನುತ್ತಾರಲ್ಲ, ಅಲ್ಲಿ ಸಭೆ ತನ್ನನ್ನೇ ಕಂಡು ನಗುತ್ತದೆ. ಅಂಥ ನಗು ಮನೆಗೆ ಬಂದ ಮೇಲೆ ಚುಚ್ಚುವುದಿಲ್ಲ. ಮುಟ್ಟು, ಹೆರಿಗೆ, ವಧುಪರೀಕ್ಷೆ, ಸಂಬಳ ಯಾವ ವಿಷಯವೂ ನಿಷಿದ್ಧವಲ್ಲ. ಗಂಡಸರಿಗೆ ಅರ್ಥವಾಗದು ಎಂದು ಅಂಜುವುದೂ ಬೇಡ. ಹೆಂಗಸರು ಇಷ್ಟು ಕಾಲ ಗಡ್ಡ, ಗುಂಡು, ಕ್ರಿಕೆಟ್ಟಿನ ಜೋಕು ಅರ್ಥ ಮಾಡಿಕೊಂಡೇ ನಕ್ಕಿದ್ದಾರೆ.

ನಮ್ಮ ಯುವಕ ಸಂಘದ ವಾರ್ಷಿಕೋತ್ಸವಕ್ಕೆ ಒಬ್ಬ ಹಾಸ್ಯಗಾರ್ತಿಯನ್ನು ಕರೆಯಬೇಕೆಂದಿದ್ದೇವೆ. ಹೋದ ಸಲ ಕರೆಸಿದಾಗ ಕಾರ್ಯಕ್ರಮ ಎತ್ತಲೇ ಇಲ್ಲ.
*ಸಂಘದ ಕಾರ್ಯದರ್ಶಿ, ಅಂಕೋಲಾ*

ಎತ್ತದಿರಲು ಹೆಚ್ಚಿನ ಸಲ ಕಲಾವಿದೆ ಕಾರಣವಲ್ಲ, ಕುರ್ಚಿಗಳು ಕಾರಣ. ಮೊದಲ ಸಾಲಿನಲ್ಲಿ ಗಣ್ಯರ ಸೋಫಾ, ಸಭೆ ಮುಗಿದ ಕೂಡಲೇ ಅವರು ಎದ್ದು ಹೋಗುತ್ತಾರೆ. ವೇದಿಕೆಗೂ ಜನಕ್ಕೂ ನಡುವೆ ಇಪ್ಪತ್ತು ಅಡಿ ಖಾಲಿ. ನಗು ಪಕ್ಕದವರಿಂದ ಪಕ್ಕದವರಿಗೆ ಹತ್ತುವ ಬೆಂಕಿ, ಆ ಖಾಲಿ ಜಾಗ ಅದನ್ನು ಆರಿಸುತ್ತದೆ. ಹಾಸ್ಯಕ್ಕೆ ಮೊದಲು ಸೋಫಾ ತೆಗೆದು ಕುರ್ಚಿಗಳನ್ನು ವೇದಿಕೆಗೆ ಆರು ಅಡಿಯ ಹತ್ತಿರ ತನ್ನಿ. 100 ಜನ ಬರುವ ಅಂದಾಜಿದ್ದರೆ 80 ಕುರ್ಚಿ ಹಾಕಿ, ಉಳಿದದ್ದು ಬದಿಗಿರಲಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ರೂಢಿ ಇದ್ದರೆ ಹೆಂಗಸರ ಭಾಗ ಹಿಂದಕ್ಕೆ ತಳ್ಳಿಹೋಗದಂತೆ ನೋಡಿ. ಹಾಸ್ಯಗಾರ್ತಿಯ ಮಾತಿಗೆ ಮೊದಲ ನಗು ಬಹಳ ಸಲ ಅಲ್ಲಿಂದಲೇ ಏಳುತ್ತದೆ. ಅದು ಮುಂದಿನ ಸಾಲುಗಳಿಂದ ಎದ್ದರೆ ಗಂಡಸರ ಕಡೆಗೂ ಹಬ್ಬುತ್ತದೆ.

ಹೊತ್ತು: ಮಕ್ಕಳ ಡ್ಯಾನ್ಸ್ ಮುಗಿದೊಡನೆ ಬೇಡ, ಪಾಲಕರು ಮಕ್ಕಳನ್ನು ಕರೆದುಕೊಂಡು ಏಳುವ ಹೊತ್ತು ಅದು. ಶ್ರದ್ಧಾಂಜಲಿ, ಸನ್ಮಾನದ ಬೆನ್ನಿಗೂ ಬೇಡ. ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು, 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರ ಮೇಲೆ ಹಚ್ಚುವಂತಿಲ್ಲ. ಭಾಷಣ ಎಳೆದಾಡಿ 9:50ಕ್ಕೆ ಹಾಸ್ಯಗಾರ್ತಿಯನ್ನು ವೇದಿಕೆಗೆ ಹತ್ತಿಸಿದರೆ ಅದು ಅನ್ಯಾಯ. ಮಳೆಗಾಲದಲ್ಲಿ ತಗಡಿನ ಮಾಡಿನ ಸಭಾಭವನದಲ್ಲಿ ಹಾಸ್ಯ ಇಡಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಮಳೆ ಆ ಮಾಡಿನ ಮೇಲೆ ಬಿದ್ದರೆ ಯಾವ ಸ್ಪೀಕರೂ ಗೆಲ್ಲುವುದಿಲ್ಲ.

ಪರಿಚಯ ಮಾಡುವವರಿಗೆ ಒಂದು ಮಾತು ಬರೆದುಕೊಡಿ. ‘ಹೆಣ್ಣಾಗಿಯೂ ನಗಿಸುತ್ತಾರೆ’ ಎಂದರೆ ಅವರು ಬಾಯಿ ತೆರೆಯುವ ಮೊದಲೇ ಸಭೆಯನ್ನು ಪರೀಕ್ಷಕರ ಕುರ್ಚಿಯಲ್ಲಿ ಕೂರಿಸಿದಂತೆ. ಸಂಭಾವನೆ, ನಿಮಿಷ, ಪ್ರಯಾಣ, ಉಳಿಯುವ ವ್ಯವಸ್ಥೆ, ವಿಡಿಯೊ ತೆಗೆಯಬಹುದೇ ಎಂಬುದನ್ನು ವಾಟ್ಸಾಪಿನಲ್ಲಾದರೂ ಬರೆದು ಒಪ್ಪಿಕೊಳ್ಳಿ. ಬಟ್ಟೆ ಸರಿಪಡಿಸಿಕೊಳ್ಳಲು ಬಾಗಿಲಿರುವ ಕೋಣೆ, ಬಳಸಬಹುದಾದ ಶೌಚಾಲಯ, ಮರಳುವ ವಾಹನ ಈ ಮೂರು ಇಲ್ಲದಿದ್ದರೆ ಕರೆಯಬೇಡಿ. ಮತ್ತೆ ಮಾರ್ಚ್ 8ಕ್ಕೆ ಮಾತ್ರ ನೆನಪಾಗದಿರಲಿ, ಗಣೇಶ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಕರೆಯಿರಿ.

ಸಭೆಯಿಂದ ಯಾರಾದರೂ ಡಬಲ್ ಮೀನಿಂಗ್ ಮಾತು ಎಸೆದರೆ ಏನು ಮಾಡುವುದು?
*ಓದುಗಿ, ಯಲ್ಲಾಪುರ*

ಮೊದಲು ಯಾವ ಬಗೆಯ ಅಡ್ಡಮಾತು ಎಂದು ಗುರುತಿಸಿ. ಖುಷಿಗೆ ಜೊತೆಗೂಡುವವರು ಬೇರೆ. ಅವರಿಗೆ ನಕ್ಕು ಒಂದು ಮಾತು ಹೇಳಿ ಮುಂದೆ ಹೋಗಬಹುದು. ಕೆಣಕಲೆಂದೇ ಎಸೆದ ಕೊಳಕು ಮಾತಿಗೆ ಉತ್ತರ ಕಟ್ಟಲು ಹೋಗಬೇಡಿ, ಕೊಳಕಿನಲ್ಲಿ ಅವನಿಗೇ ಅಭ್ಯಾಸ ಹೆಚ್ಚು. ನಿಲ್ಲಿ, ಅವನ ಕಡೆ ತಿರುಗಿ, ದನಿ ಏರಿಸದೆ ಹೇಳಿ: “ಹಿಂದಿನವರಿಗೆ ಕೇಳಿಸಲಿಲ್ಲ. ಎದ್ದು ನಿಂತು ಇನ್ನೊಮ್ಮೆ ಹೇಳ್ತೀರಾ?” ಕತ್ತಲೆಯಲ್ಲಿ, ಗುಂಪಿನ ಮರೆಯಲ್ಲಿ ಹೇಳಿದ್ದನ್ನು ಊರವರೆದುರು ಎದ್ದು ನಿಂತು ಹೇಳುವವರು ಬಹಳ ಕಡಿಮೆ. ನಮ್ಮ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಅದೇ ನಿಮ್ಮ ಬಲ. ಅವನು ಕೂತ ಮೇಲೆ ಮಾತು ಬೆಳೆಸದೆ ಬಿಟ್ಟ ಸಾಲಿನಿಂದಲೇ ಮುಂದುವರಿಯಿರಿ. ಬಿಟ್ಟ ಸಾಲು ಮರೆಯದಿರಲು ವಿಷಯದ ಒಂದೊಂದೇ ಶಬ್ದವನ್ನು ಅಂಗೈಯಲ್ಲಿ ಬರೆದುಕೊಂಡಿರಿ.

ಮತ್ತೆ ಶುರು ಮಾಡಿದರೆ ಅದು ಸಂಘಟಕರ ಕೆಲಸ. ಅವನನ್ನು ಹೊರಗೆ ಕರೆದೊಯ್ಯುವವರು ಯಾರು ಎಂದು ಕಾರ್ಯಕ್ರಮಕ್ಕೆ ಮೊದಲೇ ಕೇಳಿ, ಆ ವ್ಯಕ್ತಿಯ ಮುಖ ನೋಡಿಟ್ಟುಕೊಳ್ಳಿ. ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಡಿ ಅಪರಾಧ, ಮೂರು ವರ್ಷದವರೆಗೆ ಸಜೆ ಇದೆ. ವೇದಿಕೆ ಮೇಲೆ ನಿಂತವಳು ಅದಕ್ಕೆ ಹೊರತಲ್ಲ.

ಹವ್ಯಕ ಮಾತಿನಲ್ಲಿ ಮಾಡಲೋ, ಗ್ರಂಥಸ್ಥ ಕನ್ನಡದಲ್ಲೋ?
*ಓದುಗಿ, ಶಿರಸಿ*

ನಿರೂಪಣೆ ಎಲ್ಲರಿಗೂ ತಿಳಿಯುವ ಆಡುಗನ್ನಡದಲ್ಲಿ, ಪಾತ್ರಗಳ ಮಾತು ಅವರವರ ಮಾತಿನಲ್ಲಿ. ಕಾರವಾರದ ಸಭೆಯಲ್ಲಿ ಕೊಂಕಣಿಯವರೇ ಹೆಚ್ಚಿರಬಹುದು, ಪಂಚ್ ಇರುವ ಶಬ್ದ ಮಾತ್ರ ಒಳಮಾತಿನದ್ದು ಆಗದಿರಲಿ. ನಿಮ್ಮದಲ್ಲದ ಸಮುದಾಯದ ಉಚ್ಚಾರವನ್ನು ನಗಿಸಲೆಂದೇ ಅಣಕಿಸಬೇಡಿ. ಹಾಲಕ್ಕಿಯವರ, ಮೀನು ಮಾರುವ ಹೆಂಗಸರ ಮಾತನ್ನು ಆಡಿಕೊಂಡು ಪಡೆಯುವ ನಗು ಅಗ್ಗದ್ದು, ನೋವೂ ಮಾಡುತ್ತದೆ.

ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರಾತ್ರಿ ಓಪನ್ ಮೈಕಿಗೆ (ಹೆಸರು ಬರೆಸಿದವರು ಸರದಿಯಲ್ಲಿ ವೇದಿಕೆ ಹತ್ತುವ ಕಾರ್ಯಕ್ರಮ) ಹೋಗುತ್ತೇನೆ ಎನ್ನುತ್ತಾಳೆ. ಇದರಲ್ಲಿ ಭವಿಷ್ಯ ಇದೆಯೇ? ಸುರಕ್ಷಿತವೇ?
*ತಂದೆ, ಹೊನ್ನಾವರ ತಾಲೂಕು*

ಭವಿಷ್ಯ ಇದೆ, ನಿಧಾನಕ್ಕೆ. ಬೆಂಗಳೂರಿನಿಂದ ಬೆಳೆದ ಸುಮುಖಿ ಸುರೇಶ್ ತಮ್ಮದೇ ಸರಣಿ ಬರೆದು ನಟಿಸಿದರು. ಮುಂಬೈಯ ಉರೂಜ್ ಅಶ್ಫಾಕ್ 2023ರಲ್ಲಿ ಎಡಿನ್‌ಬರೊ ಕಾಮಿಡಿ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹೊಸ ಪ್ರತಿಭೆ ಎನಿಸಿಕೊಂಡರು. ಓಪನ್ ಮೈಕಿನಲ್ಲಿ ದುಡ್ಡು ಸಿಗುವುದಿಲ್ಲ, ಅದು ತಾಲೀಮು. ನಾಲ್ಕೈದು ನಿಮಿಷದ ಜಾಗಕ್ಕೆ ಮೊದಲೇ ಹೆಸರು ಬರೆಸಬೇಕು, ಸಮಯ ಮುಗಿಯುವ ಒಂದು ನಿಮಿಷ ಮೊದಲು ಹಿಂದಿನಿಂದ ಮೊಬೈಲ್ ದೀಪ ತೋರಿಸುತ್ತಾರೆ, ಆಗ ಮುಗಿಸಬೇಕು. ಗಟ್ಟಿಯಾದ ಹತ್ತು ನಿಮಿಷ ಕೂಡಲು ವರ್ಷವೇ ಹಿಡಿಯಬಹುದು. ಅಲ್ಲಿಯವರೆಗೆ ಕೆಲಸ ಬಿಡಬಾರದು, ಅದನ್ನು ಸ್ಪಷ್ಟವಾಗಿ ಹೇಳಿ.

ಸುರಕ್ಷತೆಯ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ತಡೆಯುವುದು ಉತ್ತರವಲ್ಲ. ಮದ್ಯ ಮಾರುವ ಜಾಗಕ್ಕಿಂತ ಕೆಫೆ, ಪುಸ್ತಕದಂಗಡಿ, ರಂಗಮಂದಿರದಲ್ಲಿ ನಡೆಯುವುದನ್ನು ಮೊದಲು ಆರಿಸಿಕೊಳ್ಳಲಿ. ಹೆಸರಿನ ಪಟ್ಟಿಯಲ್ಲಿ ಮೊದಲರ್ಧದಲ್ಲಿ ಜಾಗ ಕೇಳಲಿ. ಕಾರಣ ಹೇಳಿದರೆ ಒಳ್ಳೆಯ ಸಂಘಟಕರು ಕೊಡುತ್ತಾರೆ, ಕೊಡದವರ ಕಡೆ ಹೋಗದಿದ್ದರೆ ನಷ್ಟವಿಲ್ಲ. ಇಬ್ಬರು ಮೂವರು ಹುಡುಗಿಯರು ಜೊತೆಯಾಗಿ ಬಂದು ಜೊತೆಯಾಗಿ ಹೋಗಲಿ. ‘ಜಾಗ ಕೊಡುತ್ತೇನೆ, ಮೊದಲು ಮಾತಾಡಲು ಬಾ’ ಎಂದು ಒಂಟಿಯಾಗಿ ಕರೆಯುವವರ ಕಡೆ ಕಾಲಿಡಬಾರದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ವೇದಿಕೆಯಲ್ಲಿ ಮಾಡಿದ ನನ್ನ ಸೆಟ್ (ಹಾಸ್ಯದ ಮಾತು) ಯೂಟ್ಯೂಬಿಗೆ ಹಾಕಿದ ಮೇಲೆ ಕೆಟ್ಟ ಕೆಟ್ಟ ಕಾಮೆಂಟು ಬರುತ್ತಿವೆ. ವಿಡಿಯೊ ತೆಗೆಯಲೇ?
*ಓದುಗಿ, ಕಾರವಾರ*

ತೆಗೆಯಬೇಡಿ. ಸೆಟ್ಟಿಂಗ್ಸ್‌ನಲ್ಲಿ ತಡೆಯಬೇಕಾದ ಶಬ್ದಗಳ ಪಟ್ಟಿಗೆ ಜಾಗವಿದೆ, ಆ ಶಬ್ದವಿರುವ ಕಾಮೆಂಟು ನೀವು ಒಪ್ಪದೆ ಕಾಣುವುದಿಲ್ಲ. ಬೈಗುಳಗಳನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ, ಅವರು ಬರೆಯುವ ನಾಲ್ಕೈದು ಕಾಗುಣಿತದಲ್ಲೂ ತುಂಬಿಸಿ. ಹಿಂದಿ, ಕೊಂಕಣಿಯವನ್ನೂ ಸೇರಿಸಿ. ಈ ಕೆಲಸವನ್ನು ನೀವೇ ಕೂತು ಮಾಡಬೇಡಿ, ಅಷ್ಟನ್ನೂ ಓದಬೇಕಾಗುತ್ತದೆ. ಅಣ್ಣನಿಗೋ ಗೆಳತಿಗೋ ಒಪ್ಪಿಸಿ. ಬೆದರಿಕೆ, ಅತ್ಯಾಚಾರದ ಮಾತು, ತಿರುಚಿದ ಫೋಟೊ ಇದ್ದರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಖಾತೆಯ ಹೆಸರು, ದಿನಾಂಕ, ವೇಳೆ ಅದರಲ್ಲಿ ಕಾಣಬೇಕು, ಲಿಂಕನ್ನೂ ಬೇರೆಯಾಗಿ ನಕಲಿಸಿಡಬೇಕು. ಆಮೇಲೆ ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಡಿ ದೂರು ಕೊಡಿ. ಅಲ್ಲಿ ಹೆಸರು ಹೇಳದೆಯೂ ದೂರು ಸಲ್ಲಿಸಬಹುದು. ಹೆಸರು ಕೊಟ್ಟರೆ ದೂರು ಎಲ್ಲಿಗೆ ಬಂತೆಂದು ನೋಡುತ್ತಿರಲು ಅನುಕೂಲ.